ಏಳನೇ ಪ್ರಶ್ನೆ

ಗುರುವಾರ, ಮಾರ್ಚ್ 12. ಶಿರಸಿ ಹಾಸ್ಟೆಲ್.

ಸಿಟ್ಟು ಇನ್ನೂ ಇಳಿದಿಲ್ಲ. ಮಕ್ಕಳು ಕಾಪಿ ಹೊಡೆಯದಂತೆ ನೋಡಿಕೊಳ್ಳುವುದು ಹೇಗೆಂದು ಲೆಕ್ಚರರ್‌ಗಳಿಗೆ ಆನ್‌ಲೈನ್ ಟ್ರೈನಿಂಗ್ ಇತ್ತಲ್ಲ, ಅದರ ಕೊನೆಯ ಕ್ವಿಜ್ಜನ್ನು ನಮ್ಮ ಲೆಕ್ಚರರ್ ಶಶಾಂಕ ಸರ್ ನನ್ನಿಂದ ಮಾಡಿಸಿದ್ದರು.

"ನಿನ್ನ ಇಂಗ್ಲಿಷ್ ಚೊಲೋ ಇದ್ದು ಮಾರಾಯ್ತಿ, ಇದೊಂದು ಟಿಕ್ ಮಾಡ್ಕೊಡು."

ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿದೆ. ಹೆದರಿ ಮಾಡಿಕೊಟ್ಟೆ. ನೂರಕ್ಕೆ ನೂರು!

ಇವತ್ತು ಅದೇ ಸರ್ ನನ್ನ ರೂಮ್‌ಮೇಟ್ ರಕ್ಷಿತಾಳ ಅಸೈನ್‌ಮೆಂಟನ್ನು ಕ್ಲಾಸಿನೆದುರು ಎತ್ತಿ ಹಿಡಿದರು. "ಎರಡು ಪ್ಯಾರಾ ಕದ್ದಿದ್ದೀಯ. ಸೊನ್ನೆ. ನಂಗೆ ಟ್ರೈನಿಂಗ್ ಆಗಿದೆ, ಗೊತ್ತಾಯ್ತಾ?"

ನಾನು ಬೆಂಚು ನೋಡುತ್ತ ಕೂತಿದ್ದೆ. ಥೂ!

ಅವಳು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದಾಳೆ.

ಆ ಕ್ವಿಜ್ಜಿನ ಏಳನೇ ಪ್ರಶ್ನೆ ಮರೆತುಹೋಗುತ್ತಲೇ ಇಲ್ಲ: ಬೇರೆಯವರ ಕೆಲಸವನ್ನು ಒಬ್ಬರು ತಮ್ಮದೆಂದು ಕೊಟ್ಟರೆ ಏನು ಮಾಡುತ್ತೀರಿ? 'ಪ್ರಾಂಶುಪಾಲರಿಗೆ ತಿಳಿಸುತ್ತೇನೆ' ಎಂದು ಟಿಕ್ ಮಾಡಿದವಳು ನಾನೇ. ಪ್ರಿನ್ಸಿಪಾಲ್ ಬರುವುದು ಒಂಬತ್ತೂವರೆಗೆ. ನಾಳೆ ಒಂಬತ್ತಕ್ಕೇ ಹೋಗಿ ಅವರ ಬಾಗಿಲಲ್ಲಿ ನಿಲ್ಲುತ್ತೇನೆ. ಆಮೇಲೆ ನನ್ನ ಮಾರ್ಕ್ಸ್...