ಪರದೆಯಾಚೆಯ ಅಕ್ಕ

ವೀಕಾ,

ಬೆಳಗ್ಗೆ ಬಸ್ಸು ತಪ್ಪಿತು, ಈರುಳ್ಳಿ ಗೋದಾಮಿನಲ್ಲಿ ಬೈಸಿಕೊಂಡೆ, ಈಗ ಬಟ್ಟೆ ಒಗೆಯುವ ಅಂಗಡಿಯ ಯಂತ್ರವೂ ಅರ್ಧಕ್ಕೆ ನಿಂತಿದೆ. ಸಾಲದ್ದಕ್ಕೆ ಅಮ್ಮನ ಫೋನು. ನೀನು ಆಸ್ಪತ್ರೆಗೆ ಹೋಗಿ, ಮೂತ್ರದ ಬಾಟಲಿ ಕೊಡದೆ ವಾಪಸು ಬಂದೆಯಂತೆ. "ಅಲ್ಲಿ ಬಾಟಲಿ ಇಸ್ಕೊಳ್ಳೋನು ದೊಡ್ಡಪ್ಪನ ಮಗ ಫೆಲೆಟಿ ಕಣೋ. ಅಣ್ಣನ ಕೈಗೆ ಅದನ್ನ ಹೆಂಗೆ ಕೊಡ್ತಾಳೆ?" ಅಂದಳು.

ನಿನ್ನನ್ನು ಬೈಯುವ ಹಾಗಿಲ್ಲ. ನಮ್ಮ ಟೊಂಗಾದಲ್ಲಿ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡುವುದಿಲ್ಲ, ಮೈಯ ಮಾತಂತೂ ಎತ್ತುವುದೇ ಇಲ್ಲ. ಇದನ್ನೂ ಕಣ್ಣು ಮುಚ್ಚಿಕೊಂಡೇ ಫೋನಿಗೆ ಹೇಳಿ ಬರೆಸುತ್ತಿದ್ದೇನೆ.

ಸಿಸಿಲಿಯಾ ಅಕ್ಕನಿಗೂ ನಿನ್ನ ಹಾಗೇ ಲೂಪಸ್ ಇತ್ತು. ಮೈ ಕಾಯಬೇಕಾದದ್ದೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಇಲ್ಲಿ ಆಕ್ಲೆಂಡಿನಲ್ಲಿ ನಾವಿಬ್ಬರೂ ಇದ್ದಾಗ, ಈ ಕಾಯಿಲೆಯಿಂದ ಅವಳ ಕೆನ್ನೆಗೆ ಬಂದಿದ್ದ ಕೆಂಪು ಮಾಸಿದ ವರ್ಷ, ಆಸ್ಪತ್ರೆಯಿಂದ ಫೋನು ಬಂತು. ಇಂಗ್ಲಿಷು ಬರುತ್ತಿದ್ದವನು ನಾನು. "ನಿಮ್ಮಕ್ಕನ ಮೂತ್ರದಲ್ಲಿ ಪ್ರೋಟೀನ್ ಸೋರ್ತಿದೆ. ನೊರೆ ಬರುತ್ತಾ ಕೇಳಿ. ಈ ವಾರವೇ ಕರ್ಕೊಂಡು ಬನ್ನಿ," ಎಂದಳು ನರ್ಸು.

ಕೋಣೆಯ ನಡುವೆ ನಾವು ಕಟ್ಟಿಕೊಂಡಿದ್ದ ಪರದೆಯಾಚೆಯಿಂದ ಅಕ್ಕ ಕೇಳಿದಳು, "ಏನಂತೋ ಮೋಸೆಸೆ?"

ಅಕ್ಕನ ಮುಂದೆ ಮೂತ್ರದ ಮಾತು ಹೇಗೆ ಎತ್ತಲಿ? "ಎಲ್ಲಾ ಸರಿ ಇದೆಯಂತೆ" ಅಂದುಬಿಟ್ಟೆ.

"ಹಂಗಾದ್ರೆ ಇವತ್ತು ಡಬ್ಬಿ ಮಾಂಸ ತಿಂತೀನಿ. ಉಪ್ಪಿಲ್ದೆ ಬಾಯಿ ಸತ್ತೋಗಿದೆ. ನಿನ್ ಪಾಲೂ ನಂಗೇ," ಎಂದು ನಕ್ಕಳು. ಮಾತ್ರೆಯನ್ನೂ ಬಿಟ್ಟಳು.

ಆರು ವರ್ಷ ಏನೂ ಆಗಲಿಲ್ಲ. ಏಳನೇ ವರ್ಷ ಕಾಲು ಊದಿ ಅವಳ ಚಪ್ಪಲಿ ಅವಳಿಗೇ ಹಿಡಿಸಲಿಲ್ಲ. ಆಮೇಲೆ ವಾರಕ್ಕೆ ಮೂರು ದಿನ ರಕ್ತ ತೊಳೆಯುವ ಯಂತ್ರ. ಆಮೇಲೆ ಅದೂ ಬೇಕಾಗಲಿಲ್ಲ, ಅವಳೇ ಇರಲಿಲ್ಲ. ಸೋರಲು ಶುರುವಾದಾಗಲೇ ಹಿಡಿದು, ಮಾತ್ರೆ ಬಿಡದೆ ನುಂಗಿದ್ದರೆ ಕಿಡ್ನಿ ಇನ್ನೂ ಎಷ್ಟೋ ವರ್ಷ ಉಳಿಯುತ್ತಿತ್ತೇನೋ ಎಂದರು ಡಾಕ್ಟರು.

ಈಗ ಈ ಯಂತ್ರದ ಗುಂಡು ಗಾಜಿನ ಹಿಂದೆ ನೊರೆ ಇಳಿಯದೆ ನಿಂತಿದೆ. ಅದರಾಚೆಯಿಂದ ಅವಳು ಕೇಳುತ್ತಾಳೆ, ಏನಂತೋ ಮೋಸೆಸೆ? ಬಟ್ಟೆ ಒಗೆಯಲು ಬಂದಾಗಲೆಲ್ಲ ಕೇಳುತ್ತಾಳೆ.

ಅದಕ್ಕೇ ಅಣ್ಣನಾದವನು ಕೇಳಬಾರದ್ದನ್ನು ಕೇಳುತ್ತಿದ್ದೇನೆ. ನಿನ್ನ ಮೂತ್ರದಲ್ಲಿ ನೊರೆ ಬರುತ್ತಿದೆಯಾ ವೀಕಾ? ಮಾತ್ರೆ ನುಂಗುತ್ತಿದ್ದೀಯಾ? ನಮ್ಮ ದ್ವೀಪದಲ್ಲಿ ರಕ್ತ ತೊಳೆಯುವ ಆ ಯಂತ್ರವೂ ಇಲ್ಲ. ನಾಳೆ ಹೋಗಿ ಫೆಲೆಟಿಯ ಕೈಗೇ ಬಾಟಲಿ ಕೊಡು. ಅವನಿಗೆ ಹೇಳಿದ್ದೇನೆ, ಮುಖ ಆಚೆ ತಿರುಗಿಸಿಕೊಂಡು ಇಸಿದುಕೊಳ್ಳುತ್ತಾನೆ.

ನಾಚಿಕೆಯೆಲ್ಲ ನನ್ನ ತಲೆಗಿರಲಿ. ದೇವರು ನಿನ್ನನ್ನು ಮುದುಕಿಯಾಗುವವರೆಗೂ ಕಾಯಲಿ.

ನಿನ್ನ ಅಣ್ಣ,
ಮೋಸೆಸೆ

ಫೆಲೆಟಿ ಏನು ಹೇಳಿದರೂ ಅದನ್ನು ಹಾಗೇ ನನಗೆ ಹೇಳು. ನಾಳೆ ಸಂಜೆ ಆರು ಗಂಟೆಗೆ ಫೋನು ಮಾಡು.