ಮುಕ್ತಕ್ಕನಿಗೆ ಬಾರದ ಆಕಳಿಕೆ

ಗಂಗೊಳ್ಳಿ ಅಲೆಬಾಗಿಲು,
ಫೆಬ್ರವರಿ ೩೦, ೨೩೮೭

ಪೂಜ್ಯ ಪೂರ್ವಜರೇ,

ತಾರೀಕು ನೋಡಿ ಗಾಬರಿಯಾಗಬೇಡಿ. ಬಡಪಾಯಿ ಫೆಬ್ರವರಿಗೆ ನಾವು ಒಂದೆರಡು ದಿನ ದಾನ ಕೊಟ್ಟು, ಅವನ್ನು ನಿದ್ದೆಗೆಂದೇ ಮೀಸಲಿಟ್ಟಿದ್ದೇವೆ. ರಜೆಯ ದಿನ ಬರೆಯುತ್ತಿರುವುದರಿಂದ ಅಕ್ಷರಗಳು ತೂಕಡಿಸಿದರೆ ಕ್ಷಮಿಸಿ. ನಮ್ಮ ಪದಗಳು ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆಯಿರಲಿ.

ಅಲೆಬಾಗಿಲು ಎಂದರೆ ಉಕ್ಕುವ ಸಮುದ್ರವನ್ನು ಹೊರಗೇ ನಿಲ್ಲಿಸುವ ಉಕ್ಕಿನ ಬಾಗಿಲು. ನಮ್ಮೂರು ಈಗ ಉಬ್ಬರದ ಸಮುದ್ರಕ್ಕಿಂತ ತಗ್ಗಿನಲ್ಲಿದೆ; ಇಳಿತದಲ್ಲಷ್ಟೇ ದೋಣಿಗಳಿಗೆಂದು ಬಾಗಿಲು ತೆರೆಯುತ್ತೇವೆ. ಬಾಗಿಲು ಕಾಯುವವರ ಕೈ ತಪ್ಪಿದರೆ ಸಮುದ್ರವೇ ಮನೆಗೆ ಊಟಕ್ಕೆ ಬರುತ್ತದೆ. ಚುರುಕುಗುಳಿಗೆ ಎಂದರೆ ನಿಮ್ಮ ಕಾಫಿಯ ಪುಂಡ ಮೊಮ್ಮಗ. ಪರೀಕ್ಷೆಗೆಂದು, ಲಾರಿ ಓಡಿಸಲೆಂದು ನಿಮ್ಮಲ್ಲಿ ಕೆಲವರು ಕದ್ದು ನುಂಗುತ್ತಿದ್ದರಲ್ಲ, ಆ ವಂಶದ್ದೇ. ನುಂಗಿದವರಿಗೆ ಹಸಿವಿಲ್ಲ, ಆಯಾಸವಿಲ್ಲ, ತಮ್ಮ ಮೇಲಂತೂ ಅನುಮಾನವೇ ಇಲ್ಲ. ಎದೆ ಮಾತ್ರ ಯಕ್ಷಗಾನದ ಚೆಂಡೆ. ಎಚ್ಚರವಿರುತ್ತದೆ, ಎಚ್ಚರಿಕೆ ಇರುವುದಿಲ್ಲ.

ಅದಕ್ಕೇ ನಮ್ಮಲ್ಲಿ ಆಕಳಿಕೆ ಸಾಕ್ಷಿ ಎಂಬ ಪದ್ಧತಿ. ಜೊತೆಗಾರ ಎದುರು ಕೂತು ಬಾಯ್ತುಂಬ ಆಕಳಿಸುತ್ತಾನೆ. ನಿಮಗೂ ಬಂದರೆ ಸರಿ. ಬಾರದಿದ್ದರೆ ಗುಳಿಗೆ ತಲೆಗೇರಿದೆ ಎಂದರ್ಥ, ಬಾಗಿಲಿನ ಕೀ ಕೊಟ್ಟು ಏಳಬೇಕು. ಇದು ಶಾಸ್ತ್ರವಲ್ಲ ಎಂದು ವೈದ್ಯರು ನಗುತ್ತಾರೆ. ಇರಬಹುದು. ಇಬ್ಬರು ಮುಖ ಮುಖ ನೋಡಿಕೊಂಡು ಕೂರುವುದಾದರೂ ಆಗುತ್ತದಲ್ಲ.

ನನ್ನ ಅಕ್ಕ ಮುಕ್ತ ಈ ಕರಾವಳಿಯ ಗಟ್ಟಿ ಬಾಗಿಲಗಿತ್ತಿ. ಕಳೆದ ವರ್ಷದ ತೂಫಾನಿನಲ್ಲಿ ಬದಲಿ ಆಳು ಬಾರದೆ, ಗುಳಿಗೆಯ ಮೇಲೆ ಗುಳಿಗೆ ನುಂಗಿ ಬಾಗಿಲು ಕಾದಳು. ಊರೇ ಹೊಗಳಿತು, ನಾನೂ ಹೊಗಳಿದೆ. ಗಾಳಿಯೂ ನೀರೂ ಇಳಿದು ಮೀನಿನ ದೋಣಿಗಳು ಮರಳಿದಾಗ ಮಾತ್ರ ಅವಳು ಬಾಗಿಲು ತೆರೆಯಲೊಪ್ಪಲಿಲ್ಲ. ದೋಣಿಗಳ ಹಿಂದೆ ತೆಂಗಿನಮರದೆತ್ತರದ ಅಲೆ ಬರುತ್ತಿದೆ, ನಿಮಗೆ ಕಣ್ಣಿಲ್ಲವೇ ಎಂದು ನಮ್ಮನ್ನೇ ಬೈದಳು. ಅಲ್ಲಿ ಯಾವ ಅಲೆಯೂ ಇರಲಿಲ್ಲ. ನೀರಿನ ಸೆಳೆತ ಮಾತ್ರ ದೋಣಿಗಳನ್ನು ಬಂಡೆಗಳ ಕಡೆ ಎಳೆಯುತ್ತಿತ್ತು. ಅವಳ ಜೊತೆಗಾರ ಶೀನ ಖಾರ್ವಿ ಗಾಳಿ ಇಳಿದ ಮೇಲಷ್ಟೇ ಬಂದು ತಲುಪಿದ್ದ; ಅವನ ಅಪ್ಪ ಒಂದು ದೋಣಿಯಲ್ಲಿದ್ದರು.

ಶೀನ ವಾದಕ್ಕಿಳಿಯಲಿಲ್ಲ. ಎದುರು ಕೂತು ಆಕಳಿಸಿದ. ನಮ್ಮೆಲ್ಲರ ಬಾಯಿ ತೆರೆಯಿತು, ಅಕ್ಕನದು ತೆರೆಯಲಿಲ್ಲ. ಅವಳು ನಟಿಸಬಹುದಿತ್ತು, ಕಾಲೇಜು ನಾಟಕಗಳಲ್ಲಿ ಬಹುಮಾನ ಹೊಡೆದವಳು. ಆ ಅಲೆ ಅವಳ ಕಣ್ಣಿಗೆ ಇನ್ನೂ ಕಾಣುತ್ತಲೇ ಇತ್ತು. ಆದರೂ ಬಾಗಿಲಿನ ಕೀ ಚಾಚಿ, "ಆಕಳಿಕೆ ಬತ್ತಿಲ್ಲೆ ಮಾರಾಯ. ಕೀ ಹಿಡ್ಕೋ," ಎಂದಳು.

ದೋಣಿಗಳು ಒಳಬಂದವು. ಅಕ್ಕನನ್ನು ಆಸ್ಪತ್ರೆಗೆ ಹೊತ್ತೊಯ್ದೆವು. ಆಮೇಲೆ ಬಹುಕಾಲ ಅವಳಿಗೆ ಬಂಗುಡೆ ಮೀನಿನ ಸಾರೂ ರುಚಿಸಲಿಲ್ಲ, ಸುಮ್ಮಸುಮ್ಮನೆ ಅಳುತ್ತಿದ್ದಳು. ಎದೆ ಈಗಲೂ ಒಮ್ಮೊಮ್ಮೆ ತಾಳ ತಪ್ಪುತ್ತದೆ. ಬಾಗಿಲಿಗೆ ಅವಳು ಮರಳಿಲ್ಲ. ಸಮುದ್ರವನ್ನು ತಡೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತನ್ನನ್ನೇ ತಡೆದುಕೊಂಡವಳನ್ನು ನಾನು ಕಂಡದ್ದು ಒಬ್ಬಳನ್ನೇ.

ಈ ಪದ್ಧತಿಯನ್ನು ಶುರುಮಾಡಿದ್ದು ನಿಮ್ಮ ಕಾಲದವರು ಯಾರೋ ಅಂತೆ, ಹೆಸರು ಉಳಿದಿಲ್ಲ. ಆದ್ದರಿಂದ ಒಂದು ಬೇಡಿಕೆ. ಗುಳಿಗೆ ನುಂಗಿ ಕೆಲಸಕ್ಕೆ ಕೂತವರನ್ನು ಕಂಡರೆ ಉಪದೇಶ ಮಾಡಬೇಡಿ, ಎದುರು ಕೂತು ಒಮ್ಮೆ ಆಕಳಿಸಿ. ಆ ಮೊದಲಿಗರು ನೀವೇ ಇರಬಹುದು.

ಇಗೋ, ಅಕ್ಕ ಜಗಲಿಯಲ್ಲಿ ಆಕಳಿಸಿದಳು. ನನಗೂ ಬಂತು. ಇಷ್ಟು ಓದುವುದರೊಳಗೆ ನಿಮಗೂ ಬಂದಿದ್ದರೆ, ಕಾಗದ ತಲುಪಿತೆಂದು ತಿಳಿಯುತ್ತೇನೆ.

ನಿಮ್ಮ ಎಷ್ಟನೆಯವನೋ ಮೊಮ್ಮಗ,
ಭುಜಂಗ