ಖಾದರ್‌ಬಾಷಾ ಅವರ ನೀಲಿ ಡಬ್ಬಿಗಳು

ಸಂಡೂರು ಒಳಗಣಿ ಊರು,
೨೧೮೭, ಎರಡನೇ ಬೇಸಿಗೆಯ ಅರವತ್ತೊಂದನೇ ದಿನ

ಬಳ್ಳಾರಿ ಕೌಲ್‌ಬಜಾರಿನ ಖಾದರ್‌ಬಾಷಾ ಅವರಿಗೆ ಹಂಪಮ್ಮನ ನಮಸ್ಕಾರ.

ನೀವು ತೀರಿಕೊಂಡು ನೂರು ವರ್ಷದ ಮೇಲಾಗಿರಬೇಕು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದೇ ನಿಮ್ಮ ಸಿನಿಮಾ ಡಬ್ಬಿಗಳೊಳಗಿನ ಚೀಟಿಗಳಿಂದ. ಪ್ರತಿ ಚೀಟಿಯಲ್ಲೂ ನಿಮ್ಮ ಹೆಸರು, ವಿಳಾಸ, ಆ ಸಿನಿಮಾದ ಬಗ್ಗೆ ಒಂದೆರಡು ಸಾಲು. ‘ಫೈಟು ಚೆನ್ನಾಗಿದೆ, ಕಥೆ ಇಲ್ಲ’ ಎಂದು ನೀವು ಬರೆದದ್ದನ್ನು ಓದಿ ನನ್ನ ಗಂಡ ಗಾದಿಲಿಂಗಪ್ಪ ಬಹಳ ನಕ್ಕಿದ್ದ.

ನಾವಿರುವುದು ಹಳೆಯ ಕಬ್ಬಿಣದ ಗಣಿಯೊಳಗೆ ಕೊರೆದ ಊರಿನಲ್ಲಿ. ಹೊರಗಿನ ಬಿಸಿಲಿಗೆ ಚರ್ಮ ಬೊಬ್ಬೆ ಏಳುತ್ತದೆ. ದಿನಕ್ಕೆ ಆರು ತಾಸು ತಣ್ಣನೆ ಗಾಳಿ ಬಿಡುತ್ತಾರೆ. ಅದಕ್ಕೆ ತಂಪುಪಾಳಿ ಎನ್ನುತ್ತೇವೆ. ಅಡುಗೆ, ಬಟ್ಟೆ ಒಗೆತ, ಮದುವೆ, ಹೆಣ ಸಾಗಿಸುವುದು ಎಲ್ಲವೂ ಅಷ್ಟರಲ್ಲೇ. ಮನೆಯ ಗೋಡೆಗೆ ಸಿನಿಮಾ ಬರುವುದು ಹರಿವು ಎಂಬ ಒಂದೇ ಮೂಲದಿಂದ. ನಿಮ್ಮ ಕಾಲದ ಸಿನಿಮಾಗಳೂ ಬರುತ್ತವೆ, ಆದರೆ ತೊಳೆದು ಬರುತ್ತವೆ. ಏಟು ತಿಂದು ಬೀಳುವವರನ್ನು ಅಳಿಸಿರುತ್ತಾರೆ, ನಾಯಕ ಬರೀ ಗಾಳಿಗೆ ಗುದ್ದುತ್ತಾನೆ. ಹಾಸ್ಯನಟರ ಊರಮಾತು ತೆಗೆದು ಎಲ್ಲರಿಗೂ ಒಂದೇ ದನಿ ಕೂರಿಸಿರುತ್ತಾರೆ. ಸಿನಿಮಾ ಎಂದರೆ ಇಷ್ಟೇ ಎಂದುಕೊಂಡು ನಾವು ಬೆಳೆದೆವು.

ಪಾಳುಬಿದ್ದ ಬಳ್ಳಾರಿಯಿಂದ ತಾಮ್ರದ ತಂತಿ ತರುವ ತಂಡದಲ್ಲಿ ಗಾದಿಲಿಂಗಪ್ಪ ಇದ್ದ. ನಿಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ ಅವನಿಗೆ ನೀಲಿ ಡಬ್ಬಿಗಳಲ್ಲಿಟ್ಟ ಬ್ಲೂ-ರೇ ಡಿಸ್ಕುಗಳು ಸಿಕ್ಕವು. ಎಲ್ಲವೂ ಹಳೆಯ ಹೊಡೆದಾಟದ, ನಗೆಯ ಸಿನಿಮಾಗಳು. ಓಡಿಸುವ ಯಂತ್ರವೂ ಸಿಕ್ಕಿತು. ಅದನ್ನು ರಿಪೇರಿ ಮಾಡಲು ಅವನಿಗೆ ಎರಡು ವರ್ಷ ಹಿಡಿಯಿತು.

ಮೊದಲ ಸಲ ಹಾಕಿದಾಗ ಪಕ್ಕದ ಶಂಕ್ರಮ್ಮನನ್ನೂ ಕರೆದೆವು. ಅವಳ ಮುತ್ತಾತ ಸಿನಿಮಾಗಳಲ್ಲಿ ಏಟು ತಿಂದು ಬೀಳುವ ಕೆಲಸದವನು. ಅವಳ ಹತ್ತಿರ ಅವನದೊಂದು ಫೋಟೊ ಇತ್ತು. ಸಿನಿಮಾದಲ್ಲಿ ಯಾರೂ ಬೀಳುವುದೇ ಇಲ್ಲವಲ್ಲ ಎಂದು ಊರವರು ಅವಳನ್ನು ಸುಳ್ಳಿ ಎನ್ನುತ್ತಿದ್ದರು. ಅಂದು ಗೋಡೆಯ ಮೇಲೆ ಒಬ್ಬ ಗಾಜಿನ ಬಾಗಿಲು ಒಡೆದುಕೊಂಡು ಹಾರಿ ಬಿದ್ದ. ಮೊಣಕೈಯ ತರಚು ಗಾಯ ಕಾಣುವಷ್ಟು ಚಿತ್ರ ನಿಚ್ಚಳವಾಗಿತ್ತು. ಶಂಕ್ರಮ್ಮ ದಡಕ್ಕನೆ ಎದ್ದಳು.

“ಇವ್ನೇ ನಮ್ ಮುತ್ತಾತ! ಇನ್ನೊಂದ್ಸಲ ಹಾಕ್ರೀ, ಇನ್ನೊಂದ್ಸಲ ಬೀಳ್ಲಿ!”

“ಪಾಪ, ಎಷ್ಟ್ ಸಲ ಬೀಳಿಸ್ತೀ ಬೇ ಆತನ್ನ?” ಎಂದ ಗಾದಿಲಿಂಗಪ್ಪ.

ಎಂಟು ಸಲ ಬೀಳಿಸಿದೆವು. ಅವಳು ಒಂದೇ ಸಮನೆ ನಗುತ್ತ ಅಳುತ್ತಿದ್ದಳು. ಮರುದಿನದಿಂದ ಊರೇ ನಮ್ಮ ಮನೆಗೆ ಬಂತು. ಅವಳನ್ನು ಸುಳ್ಳಿ ಎಂದವರು ಅವಳಿಗೆ ಮುಂದೆ ಜಾಗ ಬಿಟ್ಟು ಕೂತರು.

ಮೂರು ತಿಂಗಳಿಗೆ ಯಂತ್ರದೊಳಗೆ ಡಿಸ್ಕು ಓದುವ ಕಣ್ಣು ಹೋಯಿತು. ಆಗ ಹೊರಗೆ ಬೇಸಿಗೆ ನೆತ್ತಿಯ ಮೇಲಿತ್ತು. ಗಾದಿಲಿಂಗಪ್ಪ ಇನ್ನೊಂದು ಯಂತ್ರ ಹುಡುಕಲು ಹೊರಟ.

“ಬ್ಯಾಸಿಗಿ ಕಳೀಲಿ, ಆಮ್ಯಾಲೆ ಹೋಗು,” ಎಂದೆ.

“ಶಂಕ್ರಮ್ಮನ ಕಣ್ಣಿಗೆ ಪೊರಿ ಬರಾಕತ್ತೈತಿ. ಬ್ಯಾಸಿಗಿ ಕಳಿಯೋತನಕ ಅದು ಕಾಯ್ತೈತೇನು?”

ನಾನು ಇನ್ನೂ ಗಟ್ಟಿಯಾಗಿ ಜಗಳವಾಡಬೇಕಿತ್ತು. ಆರನೇ ದಿನ ತಂಡದವರು ಅವನ ಹೆಣ ಹೊತ್ತು ತಂದರು. ನಿಮ್ಮ ಮನೆಯ ನಡುಕೋಣೆಯಲ್ಲಿ ಬಿದ್ದಿದ್ದನಂತೆ. ಏಣಿ ಮುರಿದಿದ್ದರಿಂದ ಅಟ್ಟ ಹತ್ತಲು ಕಲ್ಲು ಪೇರಿಸುತ್ತಿದ್ದನಂತೆ. ಸೊಂಟದೆತ್ತರ ಪೇರಿಸಿದ್ದ. ನೀರಿನ ಕ್ಯಾನು ಖಾಲಿಯಾಗಿತ್ತು.

ಈಗ ಆ ಸಿನಿಮಾಗಳನ್ನು ನಾನೇ ಬಾಯಲ್ಲಿ ಹೇಳುತ್ತೇನೆ. ಯಾರು ಯಾರಿಗೆ ಹೊಡೆದರು, ಯಾವ ಜೋಕಿಗೆ ಯಾವ ಉತ್ತರ, ಎಲ್ಲ ಕಲಸಿಹೋಗುತ್ತಿದೆ. ಮೊನ್ನೆ ಶಂಕ್ರಮ್ಮ ನನ್ನ ಕೈ ಹಿಡಿದು, “ಬಾಗಿಲದ ಗಾಜು ಮೊದ್ಲು ಒಡೀತೈತೋ, ಆತ ಮೊದ್ಲು ಕೂಗ್ತಾನೋ?” ಎಂದು ಕೇಳಿದಳು. ನನಗೆ ಗೊತ್ತಾಗಲಿಲ್ಲ. ಒಂದು ಉತ್ತರ ಹೇಳಿಬಿಟ್ಟೆ. ಅದು ನಿಜವಲ್ಲವೆಂದು ಅವಳಿಗೆ ಗೊತ್ತಾಯಿತು, ನನ್ನ ಕೈ ಬಿಟ್ಟಳು.

ನಾಡಿದ್ದು ತಂಡದ ಜೊತೆ ನಾನೂ ಶಂಕ್ರಮ್ಮನೂ ನಿಮ್ಮ ಮನೆಗೆ ಹೊರಡುತ್ತೇವೆ. ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗುವುದಿಲ್ಲವೆಂದು ಬಲ್ಲೆ, ಆದರೂ ಬರೆಯುತ್ತಿದ್ದೇನೆ. ಖಾದರ್‌ಬಾಷಾ ಅವರೇ, ನೀವು ಡಿಸ್ಕುಗಳನ್ನು ಚೆನ್ನಾಗಿ ಕಾಪಾಡಿದಿರಿ. ಇನ್ನೊಂದೇ ಉಪಕಾರ ಮಾಡಿ. ನಿಮ್ಮ ಬಳಿ ಎರಡನೆಯ ಯಂತ್ರವಿದ್ದರೆ ಎಸೆಯಬೇಡಿ, ಮಾರಬೇಡಿ. ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲೆ, ಗೋಡೆಗೆ ಒತ್ತಿ ಇಡಿ. ಅವನು ಪೇರಿಸಿದ ಕಲ್ಲುಗಳು ಅಲ್ಲೇ ಇವೆಯಂತೆ. ಉಳಿದಷ್ಟನ್ನು ನಾವು ಪೇರಿಸಿಕೊಳ್ಳುತ್ತೇವೆ.